ಆಚೆ ದಡಕ್ಕೆ ಕಾಣುವ ಬಾವುಟ

ಎಲ್ಲಕ್ಕೂ ಮೂಲ ಒಂದು ಕಾಗೆ.

ಲಾಂಚ್ ಜೆಟ್ಟಿಯ ಕಂಬದ ತುದಿಯಲ್ಲಿ ಸಂಸ್ಥೆಯ ಬಾವುಟ ಎಂದು ಹೇಳಿಕೊಳ್ಳುವ ಒಂದು ವಸ್ತುವಿತ್ತು. ಹೊಸದರಲ್ಲಿ ಅದು ಕಿತ್ತಳೆ ಬಣ್ಣದ್ದಾಗಿತ್ತಂತೆ, ನಡುವೆ ಅಗಲವಾದ ಬಿಳಿ ಪಟ್ಟಿ ಇತ್ತಂತೆ. ಬಿಸಿಲು, ಮಳೆ, ಹೊಳೆಯ ಮೇಲಿನ ಗಾಳಿ ಎಲ್ಲ ಸೇರಿ ಅದನ್ನು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯ ಹದಕ್ಕೆ ತಂದಿದ್ದವು. ದಿನಕ್ಕೊಂದು ಎಳೆ ಬಿಚ್ಚಿಕೊಂಡು ಕಡೆಗೆ ಗೇಣುದ್ದದ ಚಿಂದಿ ಮಾತ್ರ ಉಳಿದಿತ್ತು. ಆ ಬೆಳಿಗ್ಗೆ ಗೂಡು ಕಟ್ಟುವ ಆತುರದಲ್ಲಿದ್ದ ಕಾಗೆಯೊಂದು ಬಂದು, ಚಿಂದಿಯನ್ನು ಹಿಂದುಮುಂದು ತಿರುಗಿಸಿ ನೋಡಿ, ತನ್ನ ಮನೆಗೆ ಒಪ್ಪುತ್ತದೆ ಎಂದು ತೀರ್ಮಾನಿಸಿ, ಕಿತ್ತುಕೊಂಡು ಹಾರಿಹೋಯಿತು.

ಇದನ್ನು ಕಣ್ಣಾರೆ ಕಂಡವನು ಜೆಟ್ಟಿಯ ಗೇಟಿನಲ್ಲಿ ನಿಂತು ಪ್ರಯಾಣಿಕರ ಟಿಕೆಟ್ ಹರಿಯುತ್ತಿದ್ದ ಆಗ್ಲಪ್ಪ ಒಬ್ಬನೇ. ಆಗ್ಲಪ್ಪ ಎನ್ನುವುದು ಅವನ ಹೆಸರಲ್ಲ. ಯಾರು ಏನು ಹೇಳಿದರೂ "ಆಗ್ಲಪ್ಪ" ಎನ್ನುವುದು ಅವನ ಅಭ್ಯಾಸ. ನಾಳೆ ನನ್ನ ಪಾಳಿಯೂ ನೀನೇ ಮಾಡು ಎಂದರೆ ಆಗ್ಲಪ್ಪ. ನಮ್ಮ ಬೆಕ್ಕು ಮರ ಹತ್ತಿದೆ, ಇಳಿಸು ಎಂದರೆ ಆಗ್ಲಪ್ಪ. ಅವನ ನಿಜವಾದ ಹೆಸರು ಈಗ ಅವನ ಹೆಂಡತಿಗೆ ಮಾತ್ರ ನೆನಪಿತ್ತು, ಅವಳೂ ಅದನ್ನು ಬಳಸುತ್ತಿರಲಿಲ್ಲ.

ಕಾಗೆ ಹೋದದ್ದನ್ನು ನೋಡಿ ಅವನು "ಪಾಪ, ಅದಕ್ಕಾದರೂ ಉಪಯೋಗಕ್ಕೆ ಬಂತು" ಎಂದುಕೊಂಡು ಸುಮ್ಮನಾದ. ಸುಮ್ಮನಾಗುವ ವಿಷಯ ಅದಾಗಿರಲಿಲ್ಲ. ಆ ಜೆಟ್ಟಿಯಲ್ಲಿ ಬಾವುಟ ಅಲಂಕಾರಕ್ಕೆ ಇದ್ದದ್ದಲ್ಲ. ಆಚೆ ದಡದ ಊರು ಗುಡ್ಡದ ಮೇಲಿತ್ತು. ಅಲ್ಲಿಂದ ನೋಡಿದರೆ ಆಚೆ ಕಡೆಯ ಜೆಟ್ಟಿಯಾಗಲಿ ಲಾಂಚಾಗಲಿ ಮರಗಳ ಮರೆಯಲ್ಲಿ ಕಾಣುತ್ತಿರಲಿಲ್ಲ. ಈಚೆ ದಡದ ಈ ಕಂಬ ಮಾತ್ರ ಕಾಣುತ್ತಿತ್ತು. ಬಾವುಟ ಹಾರುತ್ತಿದ್ದರೆ ಇವತ್ತು ಲಾಂಚ್ ಇದೆ, ಇಲ್ಲದಿದ್ದರೆ ಇಲ್ಲ ಎಂದು ಲೆಕ್ಕ. ಫೋನು ಮಾಡಿ ಕೇಳಬಹುದಲ್ಲ ಎಂದರೆ, ಕಚೇರಿಯ ಫೋನು ಹಗಲೆಲ್ಲ ಮ್ಯಾನೇಜರರ ಅತ್ತೆಯವರ ವಶದಲ್ಲಿರುತ್ತಿತ್ತು. ಮಗಳ ಸಂಸಾರದ ಸುದ್ದಿಯನ್ನು ಅವರು ಅಳಿಯನಿಂದಲೇ ವಿಚಾರಿಸಿಕೊಳ್ಳುತ್ತಿದ್ದರು.

ಆ ದಿನವೇ ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬರುವವರಿದ್ದರು. ಅವರು ಗುಡ್ಡದ ಮೇಲೆ ನಿಂತು ನೋಡಿದರು. ಬರೀ ಕಂಬ. ಕನ್ನಡಕ ಒರೆಸಿಕೊಂಡು ನೋಡಿದರು. ಒರೆಸಿದ ಕನ್ನಡಕದಲ್ಲಿ ಇನ್ನೂ ಸ್ಪಷ್ಟವಾಗಿ ಬರೀ ಕಂಬ. ಲಾಂಚ್ ಇಲ್ಲವೆಂದು, ದೂರದ ಸೇತುವೆಯ ಮೇಲೆ ಹಾದು ಬರುವ ಬಸ್ಸು ಹತ್ತಿದರು. ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ; ನಿಲ್ಲಲು ಸಿಕ್ಕ ಜಾಗ ಎರಡು ಕೋಳಿ ಬುಟ್ಟಿಗಳ ನಡುವೆ. ಅವರು ಜೆಟ್ಟಿಗೆ ಬಂದು ಇಳಿದಾಗ ಅಂಗಿಯ ತೋಳಿಗೆ ಪುಕ್ಕ ಅಂಟಿತ್ತು, ಎದುರಿಗೆ ಲಾಂಚ್ ಆರಾಮಾಗಿ ಹೊಗೆ ಬಿಡುತ್ತ ನಿಂತಿತ್ತು.

"ಬಾವುಟ ಎಲ್ರೀ?"

ಮ್ಯಾನೇಜರ್ ಫೋನು ಕೆಳಗಿಟ್ಟು ಕಂಬ ನೋಡಿದರು. ಅವರು ಆ ಕಂಬವನ್ನು ತಲೆಯೆತ್ತಿ ನೋಡಿ ಎಷ್ಟೋ ಕಾಲವಾಗಿತ್ತು. ಕಂಬದಿಂದ ಅವರ ದೃಷ್ಟಿ ನೇರವಾಗಿ ಆಗ್ಲಪ್ಪನ ಮೇಲೆ ಇಳಿಯಿತು.

"ಕಾಗೆ ತಗೊಂಡ್ಹೋಯ್ತು ಸಾರ್" ಎಂದ ಆಗ್ಲಪ್ಪ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇ ತಪ್ಪಾಯಿತು.

"ಕಾಗೆ!" ದೊಡ್ಡ ಸಾಹೇಬರು ತೋಳಿನ ಪುಕ್ಕ ಕಿತ್ತು ಮೇಜಿನ ಮೇಲಿಟ್ಟರು. "ಸಾಯಂಕಾಲ ನಾನು ಲಾಂಚಲ್ಲೇ ವಾಪಸ್ ಹೋಗ್ತೀನಿ. ಗುಡ್ಡ ಹತ್ತಿ ತಿರುಗಿ ನೋಡ್ತೀನಿ. ಬಾವುಟ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಈ ಜೆಟ್ಟೀಲಿ ಯಾರೂ ಕಾಣೋದಿಲ್ಲ."

ಅವರು ಒಳಗೆ ಹೋದ ಮೇಲೆ ಮ್ಯಾನೇಜರ್ ಆಗ್ಲಪ್ಪನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದರು. ಮ್ಯಾನೇಜರ್ ಹೆಗಲ ಮೇಲೆ ಕೈ ಹಾಕಿದಾಗಲೆಲ್ಲ ಆಗ್ಲಪ್ಪನಿಗೆ ಹೊಸದೊಂದು ಕೆಲಸ ಅಂಟಿಕೊಳ್ಳುತ್ತಿತ್ತು.

"ನೋಡಿ, ಟಿಕೆಟ್ ಕೌಂಟರಲ್ಲಿ ಕುರ್ಚಿ ಖಾಲಿ ಇದೆ. ಅಲ್ಲಿದ್ದೋಳು ವರ್ಗ ಆಗಿ ಹೋದ ಮೇಲೆ ನಾನೇ ಟಿಕೆಟ್ ಮಾರ್ತಿದೀನಿ. ಇವತ್ತು ಬಾವುಟದ ಕೆಲಸ ಸರಿಯಾಗಿ ಮಾಡ್ಬಿಡಿ, ನಾಳೆಯಿಂದ ಆ ಕುರ್ಚಿ ನಿಮ್ದು. ಮೇಲೆ ಫ್ಯಾನ್ ಬೇರೆ ಇದೆ."

ಆಗ್ಲಪ್ಪನ ಕಣ್ಣೆದುರು ಕುರ್ಚಿ ಬಂದು ಕೂತಿತು. ಬಿಸಿಲಿನಲ್ಲಿ, ತುಂತುರಿನಲ್ಲಿ, ಹಗಲಿಡೀ ಕಾಲಿನ ಮೇಲೆ ನಿಂತು ನಿಂತು ಅವನ ಪಾದಗಳು ಸಂಜೆಯ ಹೊತ್ತಿಗೆ ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. ಹೆಂಡತಿ ದಿನಾ ಬಿಸಿನೀರಿನ ಬಕೆಟ್ ಇಟ್ಟು, ಅವನ ಕಾಲನ್ನೂ ಅವನ ಸ್ವಭಾವವನ್ನೂ ಒಟ್ಟಿಗೆ ತಿಕ್ಕುತ್ತಿದ್ದಳು.

"ಆಗ್ಲಿ ಸಾರ್. ಬಾವುಟ ಎಷ್ಟು ದೊಡ್ಡದಿರಬೇಕು? ಯಾವ ಬಟ್ಟೆ?"

"ಅದೆಲ್ಲ ನೀವೇ ನೋಡ್ಕೊಳ್ಳಿ" ಎಂದ ಮ್ಯಾನೇಜರ್ ಎರಡು ಹೆಜ್ಜೆ ಹೋಗಿ ತಿರುಗಿದರು. "ಆದ್ರೆ ಗಟ್ಟಿ ಬಟ್ಟೆ ಇರಲಿ. ಇನ್ನೊಂದ್ಸಲ ಕಾಗೆ ಬಂದು ಕೊಕ್ಕು ಹಾಕಿದ್ರೆ ಕೊಕ್ಕು ಮುರೀಬೇಕು."

ಈ ಮಾತು ಲಾಂಚ್ ಡ್ರೈವರನ ಕಿವಿಗೆ ಬಿತ್ತು. ಅವನು ಎಂಜಿನ್ನಿಗಿಂತ ಜೋರಾಗಿ ಮಾತಾಡಿ ರೂಢಿಯಾದವನು.

"ಗಟ್ಟಿ ಅಲ್ಲ ಆಗ್ಲಪ್ಪಣ್ಣಾ, ದೊಡ್ಡದಿರ್ಬೇಕು! ಹೊಳೆ ನಡುವಿಂದ ನೋಡಿದ್ರೆ ನಂಗೆ ಈ ಕಂಬಾನೇ ಕಡ್ಡಿ ಥರ ಕಾಣುತ್ತೆ. ಹಾಸಿಗೆ ಹೊದಿಕೆಯಷ್ಟು ಬಾವುಟ ಹಾಕಿದ್ರೆ ಆಚೆಯೋರಿಗೆ ಕಣ್ಣೀರಿನ ಹನಿಯಷ್ಟು ಕಾಣ್ಬಹುದು. ಚಪ್ಪರದಷ್ಟು ಹಾಕು!"

"ಆಗ್ಲಪ್ಪ" ಎಂದ ಆಗ್ಲಪ್ಪ.

ಸೈಕಲ್ ತರಲು ಜೆಟ್ಟಿಯ ಎದುರಿಗೇ ಇದ್ದ ಮನೆಗೆ ಹೋದರೆ ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ನಿವೃತ್ತರಾದ ಮೇಲೆ ಗಣಿತ ಕಲಿಸಲು ಯಾರೂ ಸಿಗದೆ ಬಡಕಲಾಗಿದ್ದ ಮನುಷ್ಯ. ವಿಷಯ ಕೇಳಿದ್ದೇ ಅವರ ಮುಖಕ್ಕೆ ರಕ್ತ ಬಂತು.

"ಅಳತೆ ಅಂದಾಜಿನ ಕೆಲಸ ಅಲ್ಲಪ್ಪಾ. ಬಾವುಟದ ಉದ್ದ ಕಂಬದ ಎತ್ತರದ ಕಾಲು ಭಾಗ ಇರಬೇಕು. ಕಂಬ ಎಷ್ಟಿದೆ?"

"ಗೊತ್ತಿಲ್ಲ ಮೇಷ್ಟ್ರೇ. ಎತ್ತರವಾಗಿದೆ."

"ಎತ್ತರವಾಗಿದೆಯಂತೆ! ನಡಿ, ನೆರಳು ಅಳೆಯೋಣ."

ಮೇಷ್ಟ್ರು ಜೆಟ್ಟಿಗೆ ಬಂದು ಒಂದು ಕೋಲು ನೆಟ್ಟು ಅದರ ನೆರಳು ಅಳೆದರು. ಆಮೇಲೆ ಕಂಬದ ನೆರಳಿನ ಜಾಡು ಹಿಡಿದು ಬಗ್ಗಿಕೊಂಡು ಹೊರಟರು. ಕಂಬದ ನೆರಳು ಅಂಗಳ ದಾಟಿ, ಸಾಮಾನು ಷೆಡ್ಡಿನ ನೆರಳಿನೊಳಗೆ ನುಗ್ಗಿ, ಅಲ್ಲಿಂದ ಯಾವುದೋ ಮರದ ಕೊಂಬೆಯ ನೆರಳಾಗಿ ಹೊರಬಿದ್ದು ರಸ್ತೆಯವರೆಗೂ ಹೋಗಿತ್ತು. ಮೇಷ್ಟ್ರು ತಲೆಯೆತ್ತದೆ ಅಷ್ಟನ್ನೂ ಅಳೆದರು. ಆಗ್ಲಪ್ಪನಿಗೆ ಅನುಮಾನ ಬಂತು.

"ಮೇಷ್ಟ್ರೇ, ಕೊನೇ ನೆರಳಿಗೆ ಎಲೆ ಇದೆಯಲ್ಲ?"

"ಲೆಕ್ಕದ ನಡುವೆ ಮಾತಾಡಬಾರದು" ಎಂದ ಮೇಷ್ಟ್ರು ಬೆರಳು ಮಡಚಿ ಬಿಡಿಸಿ ಹೇಳಿದರು. "ಕಂಬ ನಲವತ್ತೆಂಟು ಅಡಿ. ಬಾವುಟ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ."

ಹನ್ನೆರಡು ಅಡಿ ಎಂದರೆ ತನ್ನ ಮನೆಯ ನಡುಮನೆ. ಆದರೂ ಗಣಿತದ ಎದುರು ಆಗ್ಲಪ್ಪ ಎಂದಾದರೂ ಗೆದ್ದವನೇ? ಮೇಷ್ಟ್ರ ಲೆಕ್ಕಕ್ಕೂ ಡ್ರೈವರನ ಚಪ್ಪರಕ್ಕೂ ತಾಳೆಯಾಗುತ್ತಿತ್ತು ಬೇರೆ. ಆಗ್ಲಿ ಎಂದು ಸೈಕಲ್ ಹತ್ತಿದ.

"ರೀ," ಹೆಂಡತಿ ಬಾಗಿಲಿನಿಂದ ಕೂಗಿದಳು, "ಇವತ್ತಾದ್ರೂ ನಿಮ್ಮ ತಲೆ ಉಪಯೋಗ್ಸಿ! ಎಲ್ಲರ ಮಾತೂ ಕೇಳ್ಕೊಂಡು ಬರ್ಬೇಡಿ!"

"ಆಗ್ಲಿ ಕಣೇ" ಎಂದ.

ಜವಳಿ ಅಂಗಡಿಯವರು ಗಲ್ಲಾಪೆಟ್ಟಿಗೆಗೆ ಹೊಟ್ಟೆ ಆನಿಸಿಕೊಂಡು ಕೂತಿದ್ದರು. ಮ್ಯಾನೇಜರ್ ಹೇಳಿದ್ದನ್ನು ಆಗ್ಲಪ್ಪ ಹಾಗೇ ಒಪ್ಪಿಸಿದ: ಗಟ್ಟಿ ಬಟ್ಟೆ, ಕಾಗೆಯ ಕೊಕ್ಕು ಮುರಿಯುವಂಥದ್ದು, ಕಿತ್ತಳೆ ಬಣ್ಣ. ಅಂಗಡಿಯವರು ಹಿಂದಿನ ಕೋಣೆಯಿಂದ ಡೇರೆ ಬಟ್ಟೆಯ ಸುರುಳಿಯೊಂದನ್ನು ಉರುಳಿಸಿಕೊಂಡು ಬಂದರು. ಎತ್ತಿ ತರುವ ಹಾಗಿರಲಿಲ್ಲ.

"ಇದ್ರೊಳಗೆ ಮನುಷ್ಯ ಸಂಸಾರ ಮಾಡ್ಬಹುದು ಸ್ವಾಮಿ, ಅಷ್ಟು ಗಟ್ಟಿ. ಆನೆ ಎಳೆದ್ರೂ ಹರಿಯಲ್ಲ."

"ಹಾರುತ್ತಾ?"

"ಹಾರೋದು ಗಾಳಿಗೆ ಬಿಟ್ಟಿದ್ದು. ನಾವು ಬಟ್ಟೆ ಮಾತ್ರ ಮಾರ್ತೀವಿ."

ಅದನ್ನು ಸೈಕಲ್ಲಿಗೆ ಕಟ್ಟಿದರೆ ಸೈಕಲ್ ಮುಂದಿನ ಗಾಲಿ ಎತ್ತಿ ನಿಂತಿತು. ಆಗ್ಲಪ್ಪ ಮುಂದೆ ಜೋತು ಬಿದ್ದು ತಳ್ಳಿಕೊಂಡು ಅತ್ತಿಗೆಯ ಮನೆಗೆ ಬಂದ. ಅಣ್ಣನ ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕಿಕೊಂಡಿದ್ದಳು. ಹೆಚ್ಚಾಗಿ ಕೂಸುಗಳ ಫ್ರಾಕು.

"ಇದೇನೋ, ಲಾರಿಗೆ ಹೊದಿಸೋದಾ?"

"ಬಾವುಟ ಅತ್ತಿಗೆ. ಬೇಗ ಹೊಲಿದು ಕೊಡಿ. ನನ್ನ ಕುರ್ಚಿ ನಿಮ್ಮ ಕೈಲಿದೆ."

ಎರಡು ಸೂಜಿ ಮುರಿದವು. ಮೂರನೆಯದು ಮುರಿಯುವ ಮೊದಲು ಬಾವುಟ ಮುಗಿಯಿತು. ಅತ್ತಿಗೆ ಅಷ್ಟಕ್ಕೇ ಬಿಡದೆ ಮೂರೂ ಅಂಚಿಗೆ ನೆರಿಗೆ ಹಾಕಿ ಲೇಸು ಕೂಡಿಸಿದ್ದಳು. "ಬರೀ ಅಂಚು ಬೋಳುಬೋಳಾಗಿ ಕಾಣ್ತಿತ್ತು. ಈಗ ನೋಡು, ಒಂದು ಕಳೆ ಬಂತು. ತೋಳಿದ್ದಿದ್ರೆ ಬುಗ್ಗೆ ಇಡ್ತಿದ್ದೆ."

"ಚೆನ್ನಾಗಿದೆ ಅತ್ತಿಗೆ" ಎಂದ ಆಗ್ಲಪ್ಪ. ಅವನು ಬೇರೆ ಏನು ಹೇಳಲು ಸಾಧ್ಯವಿತ್ತು?

ಮಧ್ಯಾಹ್ನದ ಊಟ ಮುಗಿಸಿ ದೊಡ್ಡ ಸಾಹೇಬರು ಕಚೇರಿಯೊಳಗೆ ಕಣ್ಣು ಮುಚ್ಚಿ ತಪಾಸಣೆ ನಡೆಸುತ್ತಿದ್ದರು. ಗೊರಕೆ ಹೊರಗಿನವರೆಗೂ ಕೇಳುತ್ತಿತ್ತು. ಅವರು ಏಳುವುದರೊಳಗೆ ಏರಿಸಿಬಿಡೋಣವೆಂದು ಮ್ಯಾನೇಜರ್ ಅವಸರ ಮಾಡಿದರು. ಡ್ರೈವರ್, ಅವನ ಜೊತೆಯ ಇಬ್ಬರು, ಆಗ್ಲಪ್ಪ, ಎಲ್ಲರೂ ಹಗ್ಗ ಹಿಡಿದು ಎಳೆದರು. ಬಾವುಟ ಹೊಟ್ಟೆ ತುಂಬಿದ ಹೆಬ್ಬಾವಿನಂತೆ ಒಂದೊಂದೇ ಗೇಣು ಏರಿತು. ಮೇಷ್ಟ್ರು ದೂರ ನಿಂತು, "ಇನ್ನೂ ಇದೆ, ಇನ್ನೂ ಇದೆ, ನಲವತ್ತೆಂಟು ಅಡಿ ಇದೆ" ಎನ್ನುತ್ತಿದ್ದಂತೆಯೇ ಅದರ ತಲೆ ಕಂಬದ ತುದಿಗೆ ಹೋಗಿ ಬಡಿಯಿತು. ಕಾಲು ಇನ್ನೂ ಜನರ ತಲೆಯ ಹತ್ತಿರವೇ ಇತ್ತು.

ಬಾವುಟ ಹಾರಲಿಲ್ಲ. ಗಾಳಿ ಬಂದು ಅದನ್ನು ಮುಟ್ಟಿ ನೋಡಿ, ಇದು ತನ್ನ ಕೈಲಾಗುವ ಕೆಲಸವಲ್ಲವೆಂದು ಪಕ್ಕದಿಂದ ಹಾದು ಹೋಯಿತು. ಊಟವಾದ ಮೇಲೂ ಹೊರಡದ ನೆಂಟನಂತೆ ಅದು ಕಂಬಕ್ಕೆ ಒರಗಿಕೊಂಡು ನಿಂತಿತು.

"ಏನ್ರೀ ಇದು, ಕಂಬಕ್ಕೆ ಲಂಗ ಹಾಕಿದ ಹಾಗಿದೆ! ಆ ಲೇಸು ಯಾಕ್ರೀ?" ಎನ್ನುತ್ತ ಮ್ಯಾನೇಜರ್ ಕೈಯಲ್ಲಿದ್ದ ಟೀ ಲೋಟದ ಸಮೇತ ಅದರ ಕೆಳಗೆ ಹೋಗಿ ತಲೆಯೆತ್ತಿದರು.

ಅದೇ ಗಳಿಗೆಗೆ ಹೊಳೆಯ ಕಡೆಯಿಂದ ಜೋರಾಗಿ ಗಾಳಿ ನುಗ್ಗಿತು. ಬಾವುಟ ಒಮ್ಮೆಗೇ ಹಾಯಿಯಂತೆ ಉಬ್ಬಿತು. ಕಂಬ ದೊಡ್ಡ ಮೀನು ಕಚ್ಚಿದ ಗಾಳದ ಕೋಲಿನಂತೆ ಬಾಗಿತು. "ಬಿಡಬೇಡ್ರೋ!" ಎಂದು ಡ್ರೈವರ್ ಕೂಗಿದ, ಕೂಗುವುದಕ್ಕೆಂದು ಅವನೇ ಮೊದಲು ಹಗ್ಗ ಬಿಟ್ಟ. ಮಿಕ್ಕವರ ಅಂಗೈ ಸುಡುತ್ತ ಹಗ್ಗ ಸರ್ರನೆ ಜಾರಿತು. ಬಾವುಟ ಇಡಿಯಾಗಿ ಕೆಳಗಿಳಿದು ಮ್ಯಾನೇಜರನ್ನು ಮುಚ್ಚಿತು.

ಸ್ವಲ್ಪ ಹೊತ್ತು ಜೆಟ್ಟಿಯ ಮೇಲೆ ಲೇಸು ಹಚ್ಚಿದ ಕಿತ್ತಳೆ ಬಣ್ಣದ ಗುಡ್ಡವೊಂದು "ಅಯ್ಯೋ, ಟೀ ಬಿಸಿ, ಟೀ ಬಿಸಿ" ಎನ್ನುತ್ತ ಓಡಾಡಿತು. ಎತ್ತ ಹೋಗುತ್ತಿದ್ದೇನೆಂದು ಅದಕ್ಕೆ ಕಾಣುತ್ತಿರಲಿಲ್ಲ. ಜೆಟ್ಟಿಯ ಅಂಚಿನಲ್ಲಿ ಆಗ್ಲಪ್ಪ ಜಿಗಿದು ಒಳಗಿನ ಮನುಷ್ಯನನ್ನು ತಬ್ಬಿ ಹಿಡಿದ. ಮ್ಯಾನೇಜರ್ ಉಳಿದರು, ಬಾವುಟ ಜಾರಿ ನೀರಿಗೆ ಬಿತ್ತು. ಡ್ರೈವರ್ ಎಂಜಿನ್ ಆರಿಸದೆ ಬಿಟ್ಟುಬಂದಿದ್ದ ಲಾಂಚಿನ ನೀರಿನಡಿಯ ಚಕ್ರ ಅದನ್ನು ಪ್ರೀತಿಯಿಂದ ಸುತ್ತಿಕೊಂಡಿತು. ಎಂಜಿನ್ ಎರಡು ಸಲ ಬಿಕ್ಕಳಿಸಿ ನಿಂತಿತು.

"ಏನ್ರೀ ಅದು ಸದ್ದು?" ಒಳಗಿನಿಂದ ದೊಡ್ಡ ಸಾಹೇಬರ ದನಿ.

"ಗಾಳಿ ಸಾರ್" ಎಂದರು ಮ್ಯಾನೇಜರ್. ಅವರ ಮೂಗಿನಿಂದ ಟೀ ತೊಟ್ಟಿಕ್ಕುತ್ತಿತ್ತು.

ಗೊರಕೆ ಮತ್ತೆ ಶುರುವಾಯಿತು. ಮ್ಯಾನೇಜರ್ ಪಿಸುಮಾತಿನಲ್ಲೇ ಬೈದರು. ಕೂಗಿ ಬೈದಿದ್ದರೆ ಆಗ್ಲಪ್ಪನಿಗೆ ಇಷ್ಟು ನಾಟುತ್ತಿರಲಿಲ್ಲ. "ಕುರ್ಚಿ ಮರೆತುಬಿಡಿ. ಸಾಯಂಕಾಲ ಬಾವುಟ ಕಾಣ್ಲಿಲ್ಲ ಅಂದ್ರೆ ನಾನು ಹೋಗೋ ಕಡೆಗೆ ನಿಮ್ಮನ್ನೂ ಕಟ್ಕೊಂಡೇ ಹೋಗ್ತೀನಿ."

ಡ್ರೈವರ್ ನೀರಿಗಿಳಿದು ಚಾಕುವಿನಿಂದ ಬಟ್ಟೆ ಕೊಯ್ಯುತ್ತ, "ಚಿಕ್ಕದಾಗಿ ಹೊಲಿಸಿದ್ರೆ ಈ ಗತಿ ಬರ್ತಿರ್ಲಿಲ್ಲ ನೋಡು" ಎಂದ. ಮೇಷ್ಟ್ರು, "ಕಂಬ ಕುಳ್ಳಾಗಿದ್ದರೆ ನನ್ನ ಲೆಕ್ಕ ಏನು ಮಾಡುತ್ತೆ?" ಎಂದರು. ಮ್ಯಾನೇಜರ್, "ಅಷ್ಟು ದಪ್ಪ ಬಟ್ಟೆ ತರೋಕೆ ಯಾರು ಹೇಳಿದ್ದು?" ಎಂದರು.

ಆಗ್ಲಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನೊಳಗೆ ಏನೋ ಒಂದು, ಬಹಳ ಹಳೆಯದು, ಪಟಕ್ಕನೆ ಕಳಚಿತು. ನೇರವಾಗಿ ಕಂಬದ ಹತ್ತಿರ ಹೋದ. ಹಗ್ಗದ ತುದಿಯನ್ನು ಮೇಲಿನ ರಾಟೆಯವರೆಗೆ ಏರಿಸಿ, ನೆಲ ತಾಗಿದ ಕಡೆ ಗಂಟು ಹಾಕಿ, ಕೆಳಗಿಳಿಸಿ ಅಳೆದ. ಇಪ್ಪತ್ನಾಲ್ಕು ಅಡಿ. ಅದರ ಕಾಲು ಭಾಗ ಆರು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ.

"ಇನ್ನೊಂದ್ಸಲ ನೆರಳಲ್ಲಿ ನೋಡೋಣವಾ?" ಎಂದರು ಮೇಷ್ಟ್ರು.

"ಬೇಡ ಮೇಷ್ಟ್ರೇ."

ಮೇಷ್ಟ್ರು ಅಳತೆಯ ಕೋಲನ್ನು ಬೆನ್ನ ಹಿಂದೆ ಸರಿಸಿಕೊಂಡರು. ಆಗ್ಲಪ್ಪನ ಬಾಯಿಂದ ಬೇಡ ಎಂಬ ಶಬ್ದ ಬಂದದ್ದನ್ನು ಆ ಬೀದಿಯಲ್ಲಿ ಕೇಳಿದವರಿಲ್ಲ.

ಜವಳಿ ಅಂಗಡಿಯಲ್ಲಿ ಅವನು ಗಲ್ಲಾದವರನ್ನು ಏನೂ ಕೇಳಲಿಲ್ಲ. "ಕಿತ್ತಳೆ ಬಣ್ಣದಲ್ಲಿ ಏನೇನಿದೆಯೋ ಎಲ್ಲದರ ಒಂದೊಂದು ತುಂಡು ಕೊಡಿ" ಎಂದ. ಹತ್ತಿ ಬಂತು, ಸ್ಯಾಟಿನ್ ಬಂತು. ಕೊನೆಗೆ ಅಂಗಡಿಯವರು ಹಿಂಜರಿಯುತ್ತ, ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ನೈಲಾನ್ ಥಾನಿನಿಂದ ಒಂದು ತುಂಡು ಹರಿದು ಕೊಟ್ಟರು. ಕಣ್ಣಿಗೆ ಚುಚ್ಚುವ ಬಣ್ಣ. "ಇದನ್ನ ಯಾರೂ ಒಳಗಡೆ ಲೈನಿಂಗಿಗೂ ತಗೊಂಡಿಲ್ಲ ಸ್ವಾಮಿ. ಹಾಕ್ಕೊಂಡು ಹೊರಗೆ ಹೋದ್ರೆ ಬಸ್ಸು ನಿಂತುಬಿಡುತ್ತೆ."

ಆಗ್ಲಪ್ಪ ಮೂರೂ ತುಂಡನ್ನು ಅಂಗಡಿಯ ಕುಡಿಯುವ ನೀರಿನ ಕೊಡದಲ್ಲಿ ಅದ್ದಿದ.

"ಅಯ್ಯೋ, ಕುಡಿಯೋ ನೀರು!"

"ಮಳೆ ಬಂದ್ರೆ ಏನಾಗುತ್ತೆ ಅಂತ ನೋಡ್ಬೇಕಲ್ಲ."

ಹಿಂಡಿ, ಮೂರನ್ನೂ ಮೂರು ಗಜಕಡ್ಡಿಗಳಿಗೆ ಕಟ್ಟಿ, ಅವನ್ನು ಕೊಡೆಯ ಕಡ್ಡಿಗಳ ಹಾಗೆ ಕೈಯಲ್ಲಿ ಹರಡಿ ಎತ್ತಿ ಹಿಡಿದು, ಬೀದಿಗಿಳಿದು ಓಡಿದ. ಊದಿಕೊಂಡ ಪಾದಗಳಲ್ಲಿ ಅವನು ಅಷ್ಟು ವೇಗವಾಗಿ ಓಡಿದ್ದು ಅದೇ ಮೊದಲು. ಎದುರಿಗೆ ಬರುತ್ತಿದ್ದವರು ಯಾವುದೋ ಮೆರವಣಿಗೆಯ ಮುಂಭಾಗವಿರಬೇಕೆಂದು ಪಕ್ಕಕ್ಕೆ ಸರಿದು, ಹಿಂಭಾಗಕ್ಕಾಗಿ ಕಾದರು. ಹಿಂಭಾಗದಲ್ಲಿ ಬಂದದ್ದು ಎರಡು ನಾಯಿ, ಅವುಗಳ ಹಿಂದೆ ಗಜಕಡ್ಡಿಗಾಗಿ ಓಡಿಬಂದ ಅಂಗಡಿಯವರು. ಒದ್ದೆ ಹತ್ತಿ ಕಡ್ಡಿಗೆ ಮೆತ್ತಿಕೊಂಡು ಅಲ್ಲಾಡಲಿಲ್ಲ. ಸ್ಯಾಟಿನ್ ಸ್ವಲ್ಪ ಹಾರಿ, ಬಂದು ಆಗ್ಲಪ್ಪನ ಮುಖಕ್ಕೇ ಅಂಟಿತು. ನೈಲಾನ್ ಬೀದಿಯ ಕೊನೆ ಮುಟ್ಟುವುದರೊಳಗೆ ಒಣಗಿ, ಪಟಪಟ ಎಂದು ಹಕ್ಕಿಯಂತೆ ರೆಕ್ಕೆ ಬಡಿಯುತ್ತಿತ್ತು.

"ಇದೇ" ಎಂದ ಆಗ್ಲಪ್ಪ ಏದುಸಿರು ಬಿಡುತ್ತ.

"ಬಾಳಿಕೆಗೆ ಡೇರೆ ಬಟ್ಟೇನೇ..."

"ಬೇಡ. ಇದೇ."

ಅತ್ತಿಗೆ ಲೇಸಿನ ಡಬ್ಬಿ ತೆರೆದಳು. ಆಗ್ಲಪ್ಪ ಅದರ ಮುಚ್ಚಳ ಮುಚ್ಚಿದ. "ಹೊರಗಿನ ಅಂಚು ಮಡಚಿ ನಾಲ್ಕು ಸಾಲು ಹೊಲಿಗೆ ಹಾಕಿ ಅತ್ತಿಗೆ, ಗಾಳಿ ಮೊದಲು ತಿನ್ನೋದು ಅದನ್ನೇ. ನಡುವೆ ಬಿಳಿ ನೈಲಾನ್ ಪಟ್ಟಿ. ಕಂಬದ ಕಡೆಗೆ ಮಾತ್ರ ಮಿಕ್ಕಿರೋ ಆ ಡೇರೆ ಬಟ್ಟೆಯ ಪಟ್ಟಿ ಕೊಟ್ಟು, ಹಿತ್ತಾಳೆ ರಿಂಗು ಕೂರಿಸಿ. ಲೇಸು ಬೇಡ, ನೆರಿಗೆ ಬೇಡ."

ಅತ್ತಿಗೆ ಮೈದುನನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಹೇಳಿದ ಹಾಗೆ ಹೊಲಿದುಕೊಟ್ಟಳು.

ದೊಡ್ಡ ಸಾಹೇಬರು ಎದ್ದು ಮುಖ ತೊಳೆದು ಲಾಂಚ್ ಹತ್ತುವ ಹೊತ್ತಿಗೆ ಆಗ್ಲಪ್ಪ ಒಬ್ಬನೇ ಹಗ್ಗ ಎಳೆದ. ಯಾರನ್ನೂ ಹತ್ತಿರ ಬಿಡಲಿಲ್ಲ. ಬಾವುಟ ಹಗುರವಾಗಿ ಏರಿತು, ತುದಿ ಮುಟ್ಟಿತು, ಒಂದು ಕ್ಷಣ ಯೋಚಿಸಿತು. ಹೊಳೆಯಿಂದ ಸಣ್ಣ ಗಾಳಿ ಬೀಸಿತು. ಕಿತ್ತಳೆ ಬಣ್ಣ ಇಡಿಯಾಗಿ ಬಿಚ್ಚಿಕೊಂಡು, ಸಂಜೆಯ ನೀಲಿ ಆಕಾಶದ ಮೇಲೆ ಬೆಂಕಿಯ ನಾಲಗೆಯಂತೆ ಆಡತೊಡಗಿತು.

ಮೇಷ್ಟ್ರು ಬೆರಳು ಮಡಚಿ ಬಿಡಿಸಿ, ಸರಿಯಿದೆ ಎಂದು ತಲೆಯಾಡಿಸಿದರು. ಹೆಂಡತಿ ಮನೆಯ ಬಾಗಿಲಿಗೆ ಬಂದು, ಸೌಟು ಹಿಡಿದ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. "ನಮ್ಮನೆಯೋರೇ ಆರಿಸಿದ್ದು, ಬಟ್ಟೆ, ಅಳತೆ, ಎಲ್ಲ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ಆಗ್ಲಪ್ಪ ಹಗ್ಗಕ್ಕೆ ಗಂಟು ಬಿಗಿದ. ಅವನ ಬದುಕಿನಲ್ಲಿ ಪೂರ್ತಿ ಅವನದೇ ಎನ್ನುವ ವಸ್ತು ಅದೊಂದು, ಇಪ್ಪತ್ನಾಲ್ಕು ಅಡಿ ಮೇಲೆ, ಎಲ್ಲರಿಗೂ ಕಾಣುವ ಹಾಗೆ.

ಲಾಂಚ್ ಹೊರಟಿತು. ದೊಡ್ಡ ಸಾಹೇಬರು ಹಿಂಬದಿಗೆ ನಿಂತು ಬಾವುಟವನ್ನೇ ನೋಡುತ್ತ ಹೋದರು.

"ಕುರ್ಚಿ ವಿಷಯ ಆಗ ಸಿಟ್ಟಲ್ಲಿ ಅಂದೆ" ಎಂದರು ಮ್ಯಾನೇಜರ್. "ನಾಳೆ ಬೆಳಿಗ್ಗೆ ಬಂದು ಸೀದಾ ಕೂತ್ಕೊಳ್ಳಿ. ಫ್ಯಾನ್ ಸ್ವಲ್ಪ ಕಿರ್ ಅನ್ನುತ್ತೆ, ಎಣ್ಣೆ ಹಾಕಿಸ್ತೀನಿ."

ಆಗ್ಲಪ್ಪ ಕೌಂಟರಿನೊಳಗೆ ಇಣುಕಿ ಕುರ್ಚಿಯನ್ನು ನೋಡಿ ಬಂದ. ಕೈಯಿರುವ ಕುರ್ಚಿ. ಹೆಂಡತಿಗೆ ಅಲ್ಲಿಂದಲೇ ಸನ್ನೆ ಮಾಡಿದ. ಬಕೆಟ್ಟಿನ ಬಿಸಿನೀರನ್ನು ಅವಳು ಗಿಡಕ್ಕೆ ಸುರಿದಳು.

ಸಂಜೆ ಲಾಂಚ್ ಆಚೆಯಿಂದ ವಾಪಸ್ಸು ಬರುವಾಗ ಅದರಲ್ಲಿ ಹೆಚ್ಚೆಂದರೆ ಬೆರಳೆಣಿಕೆಯ ಜನ, ಒಂದು ಆಡು ಇರುವುದು ವಾಡಿಕೆ. ಆ ದಿನ ಲಾಂಚ್ ಬರುವುದು ತಡವಾಯಿತು. ಬಂದಾಗ ಅದು ನೀರಿನಲ್ಲಿ ಎಂದಿಗಿಂತ ಆಳವಾಗಿ ಕೂತಿತ್ತು. ಹತ್ತಿರವಾದಂತೆ ಅದರ ಮೇಲೆಲ್ಲ ತಲೆಗಳು ಕಂಡವು. ಬೆಂಚಿನ ಮೇಲೆ, ಬೆಂಚಿನ ನಡುವೆ, ಎಂಜಿನ್ ಕೋಣೆಯ ಮೆಟ್ಟಿಲ ಮೇಲೆ ಬರೀ ತಲೆಗಳು. ಜೆಟ್ಟಿಗೆ ತಾಗಿದ್ದೇ ತಡ, ಜನ ಗೇಟಿನ ಕಡೆ ನುಗ್ಗಿದರು. ಆಗ್ಲಪ್ಪ ಎರಡೂ ಕೈ ಅಡ್ಡ ಹಿಡಿದು ನಿಂತ.

"ಅಲ್ಲಪ್ಪಾ, ಲಾಂಚ್ ಮತ್ತೆ ಶುರು ಮಾಡಿದ್ದು ಯಾವಾಗ?" ಗಂಟು ಹೊತ್ತ ಮುದುಕಿಯೊಬ್ಬಳು ಅವನನ್ನು ಕೇಳಿದಳು.

"ನಿಂತೇ ಇರ್ಲಿಲ್ವಲ್ಲ ಅಜ್ಜಿ."

"ಸುಳ್ಳು ಹೇಳ್ಬೇಡ. ಬಾವುಟ ಕಂಡು ಎಷ್ಟು ಕಾಲವಾಯ್ತು! ಲಾಂಚ್ ಮುಚ್ಚಿಹೋಯ್ತು ಅಂತ ಊರೆಲ್ಲ ಬಸ್ಸಲ್ಲಿ ಕೋಳಿ ಜೊತೆ ಒದ್ದಾಡ್ತಿದ್ವಿ. ಇವತ್ತು ನನ್ನ ಅಡುಗೆಮನೆ ಕಿಟಕಿಗೇ ಕಂಡ್ತು ನೋಡು, ಕಣ್ಣಿಗೆ ಹೊಡೆಯೋ ಹಾಗೆ. ಒಲೆ ಆರಿಸ್ದೋಳು ಹಂಗೇ ಬಂದೆ, ಮಗಳನ್ನ ನೋಡ್ಕೊಂಡು ಹೋಗೋಣ ಅಂತ."

ಡ್ರೈವರ್ ಲಾಂಚಿನಿಂದಲೇ ಕೂಗಿದ. "ಆಚೆ ಇನ್ನೂ ಎರಡು ಲಾಂಚಿಗಾಗೋಷ್ಟು ಜನ ನಿಂತಿದಾರೆ ಸಾರ್! ಗುಡ್ಡದಿಂದ ಇಳೀತಾನೇ ಇದಾರೆ! ದೊಡ್ಡ ಸಾಹೇಬ್ರಿಗೆ ಖುಷಿಯೋ ಖುಷಿ. ನಾಳೆಯಿಂದ ದಿನಕ್ಕೆ ಡಬಲ್ ಟ್ರಿಪ್ ಓಡಿಸ್ಬೇಕಂತೆ, ಕತ್ತಲಾಗೋವರೆಗೂ!"

ಮ್ಯಾನೇಜರ್ ಓಡಿಬಂದು ಆಗ್ಲಪ್ಪನ ಹೆಗಲ ಮೇಲೆ ಕೈ ಹಾಕಿದರು.

"ನೀವೇ ನೋಡಿ, ಇಷ್ಟು ಜನರನ್ನ ಗೇಟಲ್ಲಿ ಹಿಡಿಯೋಕೆ ಹೊಸಬರ ಕೈಲಾಗುತ್ತಾ? ತುಳಿದು ಹಾಕ್ತಾರೆ. ನಿಮ್ಮನ್ನ ಬಿಟ್ರೆ ನನಗೆ ಯಾರಿದಾರೆ ಹೇಳಿ. ಕೌಂಟರಿಗೆ ನಮ್ಮ ಭಾವಮೈದುನನ್ನ ಕರೆಸ್ತೀನಿ. ಅವನಿಗೆ ನಿಂತ್ಕೊಳ್ಳೋಕೆ ಆಗಲ್ಲ, ಪಾಪ."

ಅಷ್ಟು ಹೇಳಿ ಅವರು ಅತ್ತೆಗೆ ಸಿಹಿಸುದ್ದಿ ಕೊಡಲು ಫೋನಿನ ಕಡೆ ಧಾವಿಸಿದರು. ಲಾಂಚ್ ಎರಡನೇ ಕಂತು ತರಲು ತಿರುಗಿತು.

ಜನ ಚದುರಿದ ಮೇಲೆ ಆಗ್ಲಪ್ಪ ಕಂಬದ ಬುಡಕ್ಕೆ ಹೋದ. ಸುತ್ತಮುತ್ತ ಯಾರೂ ಇರಲಿಲ್ಲ. ಬಾವುಟ ಇಳಿಸಿದರೆ ಲಾಂಚ್ ಇಲ್ಲವೆಂದು ಲೆಕ್ಕ. ಗುಡ್ಡದಿಂದ ಇಳಿಯುತ್ತಿರುವವರು ಮತ್ತೆ ಹತ್ತುತ್ತಾರೆ. ನಾಲ್ಕು ದಿನ ಹೀಗೇ ಮಾಡಿದರೆ ಊರಿಗೆ ಊರೇ ಬಸ್ಸಿಗೆ ಹೋಗುತ್ತದೆ. ಗಂಟು ಬಿಚ್ಚಿದ. ಹಗ್ಗ ಕೈಗೆ ಬಂತು. ಎಳೆಯುವ ಮುನ್ನ ಒಂದು ಸಲ ತಲೆಯೆತ್ತಿ ನೋಡಿದ.

ನೋಡಬಾರದಿತ್ತು. ಮುಳುಗುವ ಸೂರ್ಯ ಹಿಂದಿನಿಂದ ಬೆಳಗಿ ಅದರ ಒಂದೊಂದು ಹೊಲಿಗೆಯೂ ಕಾಣುತ್ತಿತ್ತು. ಅಂಚು ಒಂಚೂರೂ ಮುದುಡಿರಲಿಲ್ಲ. ಅಳತೆ ಕಂಬಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಗಾಳಿ ಅದನ್ನು ಹಿಡಿದು ಆಡಿಸುತ್ತಿತ್ತು, ಅದು ಗಾಳಿಯನ್ನು ಹಿಡಿದು ಆಡಿಸುತ್ತಿತ್ತು.

ಆಗ್ಲಪ್ಪ ಹಗ್ಗವನ್ನು ಮತ್ತೆ ಬಿಗಿದು, ಮೇಲಿಂದ ಇನ್ನೊಂದು ಗಂಟು ಹಾಕಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ನೀರು ಕಾಯಿಸೆಂದು ಸನ್ನೆ ಮಾಡಿ, ಗೇಟಿಗೆ ಹೋಗಿ ನಿಂತುಕೊಂಡ.